ವಿಷಯ ಪಟ್ಟಿಯ 17ನೇ ಸಾಲು: ಪೇಟೆಯ ತೀರ್ಮಾನಗಳನ್ನು ಓದೋದು ಹೇಗೆ?

ನಮ್ಮ ಕಾಲೇಜಿನಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯವರು ಎಷ್ಟು ಜನ ಇದ್ದೇವೆ ಅಂತ ಗೊತ್ತಾಗಬೇಕಾದರೆ ಹಬ್ಬದ ಹಿಂದಿನ ದಿನ ಸಂಜೆ ಬಸ್ ಸ್ಟ್ಯಾಂಡಿಗೆ ಹೋಗಿ ನೋಡಬೇಕು. ಬಸ್ಸಿನಲ್ಲಿ ಊರಿನ ಸುದ್ದಿಗೆ ಬರಗಾಲ ಇಲ್ಲ. ಅಡಿಕೆ ರೇಟು, ಮಾರಿ ಜಾತ್ರೆ, ಕೊಳೆ ರೋಗ, ಯಾರ ಮದುವೆ, ಯಾವ ಮೇಳದ ಆಟ. ಆದರೆ ‘ಮುಂದಿನ ತಿಂಗಳು ಕೌನ್ಸಿಲ್ ಸಭೆಯಲ್ಲಿ ನಮ್ಮ ಕೇರಿಯ ವಿಷಯ ಬರ್ತದಂತೆ’ ಅಂತ ಯಾರಾದರೂ ಮಾತಾಡಿದ್ದನ್ನು ನಾನು ಕೇಳಿಲ್ಲ. ಕಳೆದ ಜುಲೈ ತನಕ ನಾನೂ ಮಾತಾಡಿದವನಲ್ಲ.

ಜುಲೈಯಲ್ಲಿ ಅಜ್ಜಿ ಫೋನ್ ಮಾಡಿದರು. “ತಮಾ, ಬಾವಿ ನೀರು ಕೆಂಪಾಜು” ಅಂದರು, ಅಷ್ಟೇ. ನಮ್ಮ ಮನೆ ಇರೋದು ಘಟ್ಟದ ಮೇಲಿನ ಒಂದು ಪೇಟೆಯ ಕೇರಿಯ ತುದಿಯಲ್ಲಿ, ಇಳಿಜಾರಿನ ಕೆಳಬದಿಗೆ. ಯಾವ ಪೇಟೆ ಅನ್ನೋದು ಇಲ್ಲಿ ಬೇಡ. ಏಪ್ರಿಲ್‌ನಲ್ಲಿ ಕೇರಿಗೆ ಕಾಂಕ್ರೀಟ್ ರಸ್ತೆ ಆಗಿತ್ತು. ಹೊಂಡ ಹೋಯಿತು, ಧೂಳು ಹೋಯಿತು, ನಾನಂತೂ ಫೋಟೊ ತೆಗೆದು ಸ್ಟೇಟಸ್ ಹಾಕಿದ್ದೆ. ಮಳೆ ಜೋರಾದ ಮೇಲೆ ಗಟಾರ ತುಂಬಿ, ಮೇಲಿನ ಮನೆಗಳ ನೀರೆಲ್ಲ ನಮ್ಮ ಅಂಗಳಕ್ಕೆ ಇಳಿದು, ಬಾವಿಕಟ್ಟೆ ದಾಟಿತ್ತು. ಅಜ್ಜಿಗೆ ಎಪ್ಪತ್ತೆಂಟು. ಆ ಬಾವಿ ನೀರು ಬಿಟ್ಟು ಬೇರೆ ನೀರು ಕುಡಿದವರಲ್ಲ. ಎರಡು ತಿಂಗಳು ಕ್ಯಾನ್ ನೀರು ತಂದುಕೊಟ್ಟಿದ್ದಾಯಿತು.

ಊರಿಗೆ ಹೋದಾಗ ದೊಡ್ಡಪ್ಪನ ಜೊತೆ ಟೇಪ್ ಹಿಡಿದು ಗಟಾರ ಅಳೆದೆ. ಅಗಲ 45 ಸೆಂಟಿಮೀಟರ್, ಆಳವೂ ಅಷ್ಟೇ, ಅಂದರೆ ಒಂದೂವರೆ ಅಡಿ. ಇಳಿಜಾರು ಹೆಚ್ಚುಕಡಿಮೆ 200ಕ್ಕೆ 1. ನಮ್ಮ ಕೇರಿಯ ನೀರು ಸೇರುವ ಜಾಗ ಸುಮಾರು ಐದು ಎಕರೆ, ಅಂದರೆ 2 ಹೆಕ್ಟೇರ್. ಈಗ ಐದನೇ ಸೆಮಿಸ್ಟರಿನ ಹೈಡ್ರಾಲಜಿ ನೆನಪು ಮಾಡಿಕೊಳ್ಳಿ. ರ‍್ಯಾಷನಲ್ ಮೆಥಡ್ ಪ್ರಕಾರ ಹರಿವಿನ ಗುಣಾಂಕ, ಗಂಟೆಗೆ ಇಷ್ಟು ಮಿಲಿಮೀಟರ್ ಅನ್ನುವ ಮಳೆಯ ತೀವ್ರತೆ, ಹೆಕ್ಟೇರ್ ಲೆಕ್ಕದ ವಿಸ್ತೀರ್ಣ, ಈ ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನಮೀಟರ್ ನೀರು ಅಂತ ಸಿಗುತ್ತದೆ. ಜೋರು ಮಳೆಗೆ ಗಂಟೆಗೆ 60 ಮಿ.ಮೀ. ಅಂತ ಹಿಡಿಯೋಣ. ವರ್ಷಕ್ಕೆ ಎರಡೂವರೆ ಸಾವಿರ ಮಿ.ಮೀ. ಆಸುಪಾಸು ಮಳೆ ಬೀಳೋ ಸೀಮೆಗೆ ಇದೇನೂ ಅತಿ ಅಲ್ಲ. ಮಣ್ಣಿನ ರಸ್ತೆ, ಹಿತ್ತಲು, ಹೂವಿನ ಗಿಡ ಎಲ್ಲ ಇದ್ದಾಗ ಗುಣಾಂಕ 0.4 ಅಂದುಕೊಂಡರೆ ಸೆಕೆಂಡಿಗೆ 0.133 ಘನಮೀಟರ್, ಅಂದರೆ 133 ಲೀಟರ್. ರಸ್ತೆಗೆ ಕಾಂಕ್ರೀಟ್, ಅಂಗಳಕ್ಕೆ ಇಂಟರ್‌ಲಾಕ್, ಹಿತ್ತಲಲ್ಲಿ ಕಾರ್ ಶೆಡ್ಡು ಎಲ್ಲ ಬಂದು ಗುಣಾಂಕ 0.85ಕ್ಕೆ ಏರಿದರೆ? 283 ಲೀಟರ್. ಮಳೆ ಅಷ್ಟೇ, ನೀರು ಎರಡು ಪಟ್ಟಿಗೂ ಹೆಚ್ಚು.

ಗಟಾರಕ್ಕೆ ಎಷ್ಟು ತಾಕತ್ತು? ಮ್ಯಾನಿಂಗ್ ಸೂತ್ರದಲ್ಲಿ ಒರಟುತನ 0.015 ಇಟ್ಟು ಲೆಕ್ಕ ಹಾಕಿದರೆ, ತುಂಬಿ ಹರಿದಾಗ ಸೆಕೆಂಡಿಗೆ 270 ಲೀಟರ್ ಹತ್ತಿರ. ಅಂದರೆ ಹಳೆಯ ಕೇರಿಗೆ ಈ ಗಟಾರ ಧಾರಾಳ ಆಯಿತು, ಹೊಸ ಕೇರಿಗೆ ಕೂದಲೆಳೆಯಲ್ಲಿ ಸಾಲದು. ಅದೂ ಪೂರ್ತಿ ಚೊಕ್ಕ ಇದ್ದರೆ ಮಾತ್ರ. ಅರ್ಧ ಮಣ್ಣು ತುಂಬಿದರೆ ಬರೀ 110 ಲೀಟರ್, ಹಳೆಯ ಕೇರಿಯ ನೀರಿಗೂ ಸಾಲುವುದಿಲ್ಲ. ಲೆಕ್ಕ ಮುಗಿದ ಮೇಲೆ ದೊಡ್ಡಪ್ಪ ಕೇಳಿದರು: “ಇದನ್ನ ರಸ್ತೆ ಮಾಡೋಕೆ ಮೊದಲು ಯಾರೂ ಹಾಕ್ಲಿಲ್ವಾ?”

ಅದಕ್ಕೆ ಉತ್ತರ ಹುಡುಕುತ್ತಾ ಹೋದಾಗ ಕಲಿತದ್ದನ್ನು ಬರೀತಿದ್ದೇನೆ.

ಮೊದಲು ಯಾರು ತೀರ್ಮಾನ ಮಾಡೋದು ಅನ್ನೋದು. ಶಿರಸಿಯಲ್ಲಿ ಇರೋದು ನಗರಸಭೆ. ಸಿದ್ದಾಪುರ, ಯಲ್ಲಾಪುರದಲ್ಲಿ ಪಟ್ಟಣ ಪಂಚಾಯತ. ಹೆಸರು ಬೇರೆ ಆದರೂ ಎರಡೂ ನಡೆಯೋದು 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯ ಪ್ರಕಾರ. ನಗರಸಭೆಗೆ ಪೌರಾಯುಕ್ತರು, ಪಟ್ಟಣ ಪಂಚಾಯತಕ್ಕೆ ಮುಖ್ಯಾಧಿಕಾರಿ. ವಾರ್ಡಿಗೆ ಒಬ್ಬರು ಆರಿಸಿ ಬಂದ ಸದಸ್ಯರು. ಶಾಸಕರು, ಸಂಸದರೂ ಸದಸ್ಯರೇ, ಅವರಿಗೆ ಮತ ಇದೆ. ಸರ್ಕಾರ ನೇಮಿಸಿದ ನಾಮನಿರ್ದೇಶಿತ ಸದಸ್ಯರು ಸಭೆಯಲ್ಲಿ ಮಾತಾಡಬಹುದು, ಮತ ಹಾಕೋ ಹಾಗಿಲ್ಲ. ಒಮ್ಮೊಮ್ಮೆ ಕೌನ್ಸಿಲ್ಲೇ ಇರೋದಿಲ್ಲ! 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನ ಆಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಕೋರ್ಟು ಹತ್ತಿ, ಗೆದ್ದವರು ಸುಮಾರು ಎರಡು ವರ್ಷ ಕುರ್ಚಿ ಕಾಯಬೇಕಾಯಿತು. ಅಂಥ ಹೊತ್ತಿನಲ್ಲಿ ಆಡಳಿತಾಧಿಕಾರಿಯೊಬ್ಬರ ಸಹಿಯೇ ತೀರ್ಮಾನ. ಹಾಗಾಗಿ ನಿಮ್ಮ ಊರಲ್ಲಿ ಈಗ ಯಾರ ಸಹಿ ನಡೀತಿದೆ ಅಂತ ಮೊದಲು ವಿಚಾರಿಸಿ.

ಎರಡನೆಯದು, ರಸ್ತೆ ಯಾರದ್ದು ಅನ್ನೋದು. ಇದನ್ನು ಮರೆತು ಅರ್ಜಿ ಬರೆದವರು ಬಹಳ ಜನ. ಯಲ್ಲಾಪುರದಲ್ಲಿ ಹುಬ್ಬಳ್ಳಿ–ಅಂಕೋಲಾ ರಾಷ್ಟ್ರೀಯ ಹೆದ್ದಾರಿ ಪೇಟೆಯನ್ನೇ ಹಾದು ಹೋಗುತ್ತದೆ. ಆ ಹೆದ್ದಾರಿಯ ಬದಿಯ ಚರಂಡಿ ಕಟ್ಟಿಕೊಂಡರೆ ಪಟ್ಟಣ ಪಂಚಾಯತ ಠರಾವು ಮಾಡಿ ಹೆದ್ದಾರಿಯವರಿಗೆ ಪತ್ರ ಬರೀಬಹುದು, ತಾನೇ ಅಗೆದು ಕಟ್ಟೋ ಹಾಗಿಲ್ಲ. ರಾಜ್ಯ ಹೆದ್ದಾರಿ ಆದರೆ ಲೋಕೋಪಯೋಗಿ ಇಲಾಖೆ. ಒಳಗಿನ ಕೇರಿ, ಅಡ್ಡರಸ್ತೆ ಮಾತ್ರ ಊರಿನ ಸಂಸ್ಥೆಯದ್ದು. ನಮ್ಮದು ಒಳಗಿನ ಕೇರಿ. ಅಷ್ಟರ ಮಟ್ಟಿಗೆ ಅದೃಷ್ಟ.

ಮೂರನೆಯದು, ಯಾವಾಗ ಅನ್ನೋದು. ಇದೇ ಮುಖ್ಯ. ಒಂದು ರಸ್ತೆ ಹುಟ್ಟೋದು ಜೆಸಿಬಿ ಬಂದ ದಿನ ಅಲ್ಲ. ಮೊದಲು ಅನುದಾನ ಬರುತ್ತದೆ, ಆಮೇಲೆ ಕ್ರಿಯಾಯೋಜನೆ ತಯಾರಾಗಿ ಕೌನ್ಸಿಲ್ಲಿನಲ್ಲಿ ಮಂಜೂರಾಗಬೇಕು, ಮೇಲಿನವರ ಅನುಮೋದನೆ ಬೇಕು, ಇಂಜಿನಿಯರ್ ಅಂದಾಜು ಪತ್ರಿಕೆ ಮಾಡಿ ತಾಂತ್ರಿಕ ಮಂಜೂರಾತಿ ಪಡೀಬೇಕು, ಟೆಂಡರ್ ಆಗಬೇಕು, ಕಾರ್ಯಾದೇಶ ಹೋಗಬೇಕು. ಕ್ರಿಯಾಯೋಜನೆಯ ಹಂತದಲ್ಲಿ ಒಂದು ಸಾಲು ಸೇರಿಸೋದು ಸುಲಭ. ಅಂದಾಜಿನ ಹಂತದಲ್ಲಿ ಅಳತೆ ಬದಲಿಸೋದು ಕಷ್ಟ ಆದರೂ ಸಾಧ್ಯ. ಕಾರ್ಯಾದೇಶ ಆದ ಮೇಲೆ ಗುತ್ತಿಗೆದಾರರ ಹತ್ತಿರ ಜಗಳ ಆಡಿದರೆ ಅವರು ಪಾಪ, ಕಾಗದದಲ್ಲಿ ಇದ್ದದ್ದನ್ನು ಮಾಡಿದ್ದಾರೆ ಅಷ್ಟೇ.

ನಮ್ಮ ಕೇರಿಯ ಕಾಗದದಲ್ಲಿ ಏನಿತ್ತು? ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕೊಟ್ಟು ನಡಾವಳಿ ಮತ್ತು ಅಂದಾಜು ಪತ್ರಿಕೆಯ ನಕಲು ಕೇಳಿದೆ. ಒಂದು ಕಿವಿಮಾತು: ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ನನ್ನ ಮೊದಲ ಅರ್ಜಿ ಎರಡು ಪುಟದ ದುಃಖದ ಕಥೆ ಆಗಿತ್ತು, ವಾಪಸ್ ಬಂತು. ಎರಡನೆಯದಕ್ಕೆ 30 ದಿನದೊಳಗೆ ಉತ್ತರ ಸಿಕ್ಕಿತು. ನಡಾವಳಿಯಲ್ಲಿ ನಮ್ಮ ಕೇರಿಯ ರಸ್ತೆಯ ಮುಂದೆ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಅಂತ ಇತ್ತು. ಅಂದಾಜಿನಲ್ಲಿ ರಸ್ತೆಯ ಉದ್ದ, ಅಗಲ, ದಪ್ಪ ಮೂರೂ ಇತ್ತು. ಗಟಾರ ಮಾತ್ರ ಇರಲಿಲ್ಲ. ಯಾರೂ ಮೋಸ ಮಾಡಿರಲಿಲ್ಲ. ನಮ್ಮ ಕೇರಿಯವರು ವರ್ಷಗಟ್ಟಲೆ ರಸ್ತೆ ಕೊಡಿ ಅಂತ ಕೇಳಿದ್ದರು, ರಸ್ತೆ ಕೊಟ್ಟಿದ್ದರು. ಗಟಾರ ಯಾರೂ ಕೇಳಿರಲಿಲ್ಲ.

ಸಭೆಯ ವಿಷಯ ಪಟ್ಟಿ ಓದೋದಕ್ಕೂ ಒಂದು ಅಭ್ಯಾಸ ಬೇಕು. ಮೊದಲ ಸಾಲು ಯಾವಾಗಲೂ ‘ಹಿಂದಿನ ಸಭೆಯ ನಡಾವಳಿಗಳನ್ನು ಓದಿ ದೃಢೀಕರಿಸುವ ಕುರಿತು’. ಕೊನೆಯದು ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’. ಎರಡನ್ನೂ ಹಗುರವಾಗಿ ತಗೋಬೇಡಿ. ಹಿಂದೆ ಮಾತಾಡಿದ್ದು ಸರಿಯಾಗಿ ಬರೆದಿದೆಯಾ ಅಂತ ಆಕ್ಷೇಪಿಸೋದಕ್ಕೆ ಸದಸ್ಯರಿಗೆ ಮೊದಲ ಸಾಲೇ ಅವಕಾಶ. ಕೊನೆಯ ಸಾಲಿನಲ್ಲಿ ಪಟ್ಟಿಯಲ್ಲಿ ಇಲ್ಲದ್ದು ಏನು ಬೇಕಾದರೂ ನುಸುಳಬಹುದು, ನಿಮ್ಮ ಅನುಕೂಲಕ್ಕೂ, ಅನನುಕೂಲಕ್ಕೂ. ನಡುವೆ ‘15ನೇ ಹಣಕಾಸು ಆಯೋಗದ ಅನುದಾನದ ಕ್ರಿಯಾಯೋಜನೆ’ ಅಂತ ಒಂದು ಒಣ ಸಾಲು ಕಂಡರೆ ನಿಂತು ಓದಬೇಕು. 2021ರಿಂದ 2026ರವರೆಗಿನ ಆ ಅನುದಾನದಲ್ಲಿ ನಮ್ಮಂಥ ಪೇಟೆಗಳ ಪಾಲಿನ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು, ಉಳಿದ ಶೇ 40 ಮಾತ್ರ ಮುಕ್ತ. ‘ದುಡ್ಡಿಲ್ಲ’ ಅಂದಾಗ ‘ಯಾವ ತಲೆಬರಹದಲ್ಲಿ ಇಲ್ಲ?’ ಅಂತ ಕೇಳೋದಕ್ಕೆ ಇಷ್ಟು ಗೊತ್ತಿರಬೇಕು. ಹಾಗೇ ಸಂಸ್ಥೆಯ ಸ್ವಂತ ನಿಧಿಯಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25 ಇತರೆ ಬಡವರಿಗೆ, ಶೇ 5 ಅಂಗವಿಕಲರಿಗೆ ಅಂತ ಎತ್ತಿಡಬೇಕು. ಇದನ್ನು ತಾನಾಗಿ ಬಂದು ಯಾರೂ ಹೇಳೋದಿಲ್ಲ.

ಆಸ್ತಿ ತೆರಿಗೆ ಪರಿಷ್ಕರಣೆ ಪ್ರತಿ ವರ್ಷ ಬರುವ ಸಾಲು. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ ಅನ್ನೋದೊಂದು ನೆನಪಿಟ್ಟುಕೊಂಡು ಮುಂದೆ ಹೋಗೋಣ. ನೀರಿನ ಸಾಲು ಇನ್ನೂ ತೂಕದ್ದು. ಶಿರಸಿಗೆ ಕುಡಿಯುವ ನೀರು ಬರೋದು ಕೆಂಗ್ರೆ ಮತ್ತು ಮಾರಿಗದ್ದೆಯಿಂದ. 2011ರ ಜನಗಣತಿಯಲ್ಲಿ ನಗರದಲ್ಲಿ ಅರವತ್ತೆರಡು ಸಾವಿರಕ್ಕೂ ಹೆಚ್ಚು ಜನ. ತಲೆಗೆ ದಿನಕ್ಕೆ 135 ಲೀಟರ್ ಅನ್ನುವ ಮಾನದಂಡ ಹಿಡಿದರೆ ಅವತ್ತಿನ ಲೆಕ್ಕಕ್ಕೇ ದಿನಕ್ಕೆ 84 ಲಕ್ಷ ಲೀಟರ್ ಬೇಕು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರೋದು ಹೊಳೆಯಲ್ಲಿ ನೀರು ಇಳಿಯೋ ಹೊತ್ತಿಗೇ. ಅಘನಾಶಿನಿ ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟುತ್ತಾಳೆ ಅಂತ ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೊಳೆ ಹುಟ್ಟೋ ಪೇಟೆಯಲ್ಲಿ ಬೇಸಿಗೆಗೆ ನೀರಿನ ಚಿಂತೆ ಅಂದರೆ, ಬಿದ್ದ ಮಳೆಯನ್ನು ಚಿರೇಕಲ್ಲಿನ ನೆಲ ಕುಡಿಯೋದಕ್ಕೆ ಬಿಡ್ತಿದ್ದೇವಾ, ಗಟಾರಕ್ಕೆ ಅಟ್ಟುತ್ತಿದ್ದೇವಾ ಅನ್ನೋದೂ ಕೌನ್ಸಿಲ್ಲಿನ ವಿಷಯವೇ ಆಗಬೇಕು. ನಮ್ಮ ಬಾವಿಯ ಕಥೆಯೂ ಅದೇ: ಜುಲೈಯಲ್ಲಿ ಕೆಂಪು ನೀರು, ಏಪ್ರಿಲ್‌ನಲ್ಲಿ ತಳ.

ಇಲ್ಲೊಂದು ವಿಚಿತ್ರ ಗಮನಿಸಿ. ಪೇಟೆಯಿಂದ ನಾಲ್ಕು ಮೈಲಿ ಆಚೆ ಹಳ್ಳಿಯಲ್ಲಿ ಮನೆ ಇದ್ದವನಿಗೆ ಗ್ರಾಮಸಭೆ ಇದೆ. ಎದ್ದು ನಿಂತು ಕೇಳಬಹುದು, ಕೇಳಿದ್ದು ದಾಖಲಾಗಬೇಕು. ಪೇಟೆಯೊಳಗೆ ಮನೆ ಇದ್ದವನಿಗೆ ಅಂಥ ಸಭೆ ಇಲ್ಲ. ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆ ಇರುವ ಊರಿಗೆ. ಶಿರಸಿಯೇ ಆ ಗೆರೆಗೆ ಎಷ್ಟೋ ದೂರ, ಇನ್ನು ಸಿದ್ದಾಪುರ, ಯಲ್ಲಾಪುರದ ಮಾತು ಬಿಡಿ. ನಮ್ಮಂಥವರಿಗೆ ಉಳಿದಿರೋ ಬಾಗಿಲು ಅಂದರೆ ಆಯವ್ಯಯ ಪೂರ್ವಭಾವಿ ಸಭೆ. ಏಪ್ರಿಲ್‌ಗೆ ಹೊಸ ಬಜೆಟ್ ಶುರುವಾಗೋ ಮೊದಲು ಸಾರ್ವಜನಿಕರನ್ನು ಕರೆದು ಸಲಹೆ ಕೇಳುತ್ತಾರೆ, ಪತ್ರಿಕೆಯ ಮೂಲೆಯಲ್ಲಿ ಸಣ್ಣ ಪ್ರಕಟಣೆ ಬರುತ್ತದೆ. ನಾನು ಹೋದ ಸಭೆಯಲ್ಲಿ ಅಧಿಕಾರಿಗಳನ್ನು ಬಿಟ್ಟು ಹನ್ನೊಂದು ಜನ ಇದ್ದೆವು. ಅದರಲ್ಲಿ ಮೂವರು ವರದಿಗಾರರು.

ಆ ಸಭೆಯಲ್ಲಿ ನಾನು ಭಾಷಣ ಮಾಡಲಿಲ್ಲ. ಒಂದು ಹಾಳೆ ಕೊಟ್ಟೆ. ಮೇಲೆ ಕೇರಿಯ ನಕ್ಷೆ, ಬಾಣ ಹಾಕಿ ನೀರು ಹರಿಯೋ ದಿಕ್ಕು. ಕೆಳಗೆ ಮೂರು ಅಂಕಿ: 283, 270, 110. ಅದರ ಕೆಳಗೆ ಎರಡು ಬೇಡಿಕೆ. ಗಟಾರವನ್ನು 60 ಸೆಂಟಿಮೀಟರ್ ಅಗಲ ಮಾಡಿ, ಮೇಲೆ ತೆಗೆದು ಹೂಳೆತ್ತಲು ಬರುವಂಥ ಹಾಸು ಹಾಕಿ. ಮೇಲಿನ ತಿರುವಿನ ಖಾಲಿ ಜಾಗದಲ್ಲಿ ಒಂದು ಇಂಗುಗುಂಡಿ ತೋಡಿ. ಕಿರಿಯ ಇಂಜಿನಿಯರ್ ಹಾಳೆ ನೋಡಿ, “60 ಯಾಕೆ? ಗಂಟೆಗೆ 60 ಮಿ.ಮೀ. ಎಲ್ಲಿಂದ ತಂದ್ರಿ?” ಅಂತ ಕೇಳಿದರು. ಸರಿಯಾದ ಪ್ರಶ್ನೆ. ನನ್ನ ಹತ್ತಿರ ಮಳೆಮಾಪನದ ಗಂಟೆವಾರು ದಾಖಲೆ ಇರಲಿಲ್ಲ, ಅಂದಾಜು ಅಂತ ಒಪ್ಪಿಕೊಂಡೆ. ಅವರು ಹಾಳೆಯನ್ನು ಫೈಲಿಗೆ ಸೇರಿಸಿಕೊಂಡರು. ನೀವು ಹೀಗೆ ಹೋಗೋದಾದರೆ ದಯವಿಟ್ಟು ಆ ದಾಖಲೆ ಹಿಡಿದುಕೊಂಡೇ ಹೋಗಿ, ನನ್ನ ಹಾಗೆ ತೊದಲಬೇಡಿ.

ಮೇಲಿನ ಕೇರಿಯವರಿಗೆ ಇದು ಇಷ್ಟ ಆಗಿಲ್ಲ ಅನ್ನೋದನ್ನೂ ಹೇಳಬೇಕು. ಗಟಾರ ಅಗಲ ಆದರೆ ರಸ್ತೆ ಆರು ಇಂಚು ಕಿರಿದಾಗುತ್ತದೆ, ಕಾರು ತಿರುಗಿಸೋದು ಕಷ್ಟ. ಅವರ ಮಾತಲ್ಲೂ ನ್ಯಾಯ ಇದೆ. ನಮ್ಮ ವಾರ್ಡಿನ ಸದಸ್ಯರಿಗೆ ಎರಡೂ ಕೇರಿಯ ವೋಟು ಬೇಕು.

ಮೊನ್ನೆ ದೊಡ್ಡಪ್ಪ ನೋಟಿಸ್ ಬೋರ್ಡಿನ ಫೋಟೊ ಕಳಿಸಿದರು. ಈ ತಿಂಗಳ ಸಭೆಯ ವಿಷಯ ಪಟ್ಟಿ. 17ನೇ ಸಾಲಿನಲ್ಲಿ ನಮ್ಮ ಕೇರಿಯ ಹೆಸರು, ‘ಚರಂಡಿ ಅಗಲೀಕರಣ ಕುರಿತು ಚರ್ಚಿಸಿ ನಿರ್ಣಯಿಸುವುದು’. ಇಂಗುಗುಂಡಿಯ ಸುದ್ದಿ ಇಲ್ಲ. 18ನೆಯದು ‘ಇತರೆ ವಿಷಯಗಳು’. ಸಭೆ ಬರುವ ಗುರುವಾರ ಬೆಳಗ್ಗೆ ಹನ್ನೊಂದಕ್ಕೆ. ಅವತ್ತು ನನಗೆ ಇಂಟರ್ನಲ್ಸ್. ಇಂಗುಗುಂಡಿಯನ್ನು 18ರಲ್ಲಿ ಎತ್ತಿ ಅಂತ ಸದಸ್ಯರಿಗೆ ನೆನಪು ಮಾಡೋಕೆ ದೊಡ್ಡಪ್ಪ ಬುಧವಾರ ಸಂಜೆಯೇ ಅವರ ಮನೆಗೆ ಹೋಗ್ತಾರಂತೆ. ಹಾಳೆಯ ಇನ್ನೊಂದು ಪ್ರತಿ ಕೊರಿಯರ್ ಮಾಡಿದ್ದೇನೆ.