ಜಲಚಿಕಿತ್ಸೆಯೂ ಅಂಗವೈಕಲ್ಯವುಳ್ಳವರೂ



ಯೋಹಾನನ ಸುವಾರ್ತೆಯ ೫ನೆಯ ಅಧ್ಯಾಯದಲ್ಲಿ ಬೇತೆಸ್ದ ಎಂಬ ಕೊಳದ ಸಂಗತಿಯನ್ನು ನೀವೆಲ್ಲರೂ ಓದಿದ್ದೀರಿ. ಅದರ ಮಂಟಪಗಳಲ್ಲಿ ೩೮ ವರ್ಷಗಳಿಂದ ನರಳುತ್ತಿದ್ದ ಒಬ್ಬನಿದ್ದನು. ಅವನ ದೂರು ನೀರಿಲ್ಲವೆಂಬದಲ್ಲ, ತನ್ನನ್ನು ನೀರಿಗೆ ಇಳಿಸುವ ಮನುಷ್ಯನಿಲ್ಲವೆಂಬದೇ. ಕೊನೆಗೆ ಅವನನ್ನು ಸ್ವಸ್ಥಮಾಡಿದ್ದು ಕರ್ತನ ಮಾತು, ಕೊಳದ ನೀರಲ್ಲ. ಆದರೂ ಆ ದೂರು ನಮ್ಮ ಸೀಮೆಯಲ್ಲಿ ಇಂದಿಗೂ ಕೇಳಬರುವದು.

ಹೊಸಪೇಟೆಯ ಬಳಿಯಲ್ಲಿ ೧೯೫೩ರಲ್ಲಿ ಪೂರ್ತಿಯಾದ ತುಂಗಭದ್ರಾ ಅಣೆಕಟ್ಟು ಇದೆ. ಕಂಪ್ಲಿಯ ಬತ್ತದ ಗದ್ದೆಗಳಿಗೆ ಕಾಲುವೆಗಳು ಹರಿಯುತ್ತವೆ. ಸಂಡೂರಿನ ಗುಡ್ಡಗಳ ಬಳಿ ನಾರಿಹಳ್ಳದ ಜಲಾಶಯವಿದೆ. ಹಂಪಿಯಲ್ಲಿ ವಿಜಯನಗರದ ಅರಸರ ಕಾಲದ ಪುಷ್ಕರಣಿಗಳು ಇನ್ನೂ ನಿಂತಿವೆ. ಆದರೆ ಪುಷ್ಕರಣಿಯ ಮೆಟ್ಟಲುಗಳು ಕಾಲುಳ್ಳವನಿಗಾಗಿ ಕಟ್ಟಲ್ಪಟ್ಟವುಗಳು. ನಡೆಯಲಾರದವನಿಗೆ ಇಷ್ಟು ನೀರಿದ್ದರೂ ಇಲ್ಲದಂತೆಯೇ. ಆದದರಿಂದ ನೀರು ಅಂಥವರಿಗೆ ಏನು ಮಾಡಬಲ್ಲದು, ಏನು ಮಾಡಲಾರದು, ನಾವು ಮಾಡಬೇಕಾದದ್ದೇನು ಎಂಬ ಮೂರು ವಿಷಯಗಳನ್ನು ಈ ಪಾಠದಲ್ಲಿ ವಿಚಾರಿಸೋಣ.

೧. ನೀರು ಮಾಡುವ ಕೆಲಸ

ಮೊದಲನೆಯದಾಗಿ, ನೀರು ಎತ್ತಿಹಿಡಿಯುವದು. ೬೦ ಕಿಲೋ ತೂಕದ ಮನುಷ್ಯನು ಹೊಕ್ಕುಳ ಮಟ್ಟದ ನೀರಿನಲ್ಲಿ ನಿಂತರೆ ಅವನ ಕಾಲುಗಳು ಹೊರುವ ಭಾರವು ಸುಮಾರು ೩೦ ಕಿಲೋ ಮಾತ್ರ. ಎದೆಯ ಮಟ್ಟದಲ್ಲಿ ಸುಮಾರು ೨೦. ಕುತ್ತಿಗೆಯ ಮಟ್ಟದಲ್ಲಿ ಸುಮಾರು ೬. ನೆಲದ ಮೇಲೆ ನಿಲ್ಲಲಾರದ ಕಾಲು ನೀರಿನಲ್ಲಿ ನಿಲ್ಲುವದಕ್ಕೆ ಇದೇ ಕಾರಣ. ಎರಡನೆಯದಾಗಿ, ಬೆಚ್ಚಗಿನ ನೀರು ಬಿಗಿದ ನರಸ್ನಾಯುಗಳನ್ನು ಸಡಿಲಿಸಿ ನೋವನ್ನು ತಗ್ಗಿಸುವದು. ಮೂರನೆಯದಾಗಿ, ನೀರಿನಲ್ಲಿ ಕೈಕಾಲಾಡಿಸುವಾಗ ಅದು ಎಲ್ಲಾ ಕಡೆಯಿಂದಲೂ ಮೆಲ್ಲಗೆ ತಡೆಯುವದು; ಆ ತಡೆಯಿಂದ ದುರ್ಬಲವಾದ ಅಂಗವು ಬಲಗೊಳ್ಳುವದು. ನಾಲ್ಕನೆಯದಾಗಿ, ತಪ್ಪಿ ಬಿದ್ದರೂ ಪೆಟ್ಟು ಅಷ್ಟಾಗಿ ತಗಲದಾದದರಿಂದ ಹೆದರಿಕೆ ಬಿಡುವದು.

ಪಾರ್ಶ್ವವಾಯು ಬಡಿದವರು, ಹುಟ್ಟಿನಿಂದಲೇ ಕೈಕಾಲು ಬಿಗಿದ ಮಕ್ಕಳು, ಗಣಿಯಲ್ಲಾಗಲಿ ರಸ್ತೆಯಲ್ಲಾಗಲಿ ಬೆನ್ನುಮೂಳೆ ಮುರಿದವರು, ಬಾಲ್ಯದಲ್ಲಿ ಪೋಲಿಯೋ ತಗಲಿ ಈಗ ವಯಸ್ಸಾದವರು, ಕೀಲುನೋವಿನವರು, ಇವರೆಲ್ಲರಿಗೂ ಇಂಥ ಅಭ್ಯಾಸದಿಂದ ಪ್ರಯೋಜನವುಂಟು.

೨. ನೀರು ಮಾಡಲಾರದ ಕೆಲಸ

ಅಮೆರಿಕಾ ದೇಶದ ಫ್ರಾಂಕ್ಲಿನ್ ರೂಸ್ವೆಲ್ಟರು ೧೯೨೧ರಲ್ಲಿ, ತಮ್ಮ ೩೯ನೆಯ ವಯಸ್ಸಿನಲ್ಲಿ, ಎರಡು ಕಾಲುಗಳ ಬಲವನ್ನೂ ಕಳೆದುಕೊಂಡರು. ಅದು ಪೋಲಿಯೋ ಎಂದು ವೈದ್ಯರು ಹೇಳಿದರು. ೧೯೨೪ರಲ್ಲಿ ಅವರು ಜಾರ್ಜಿಯಾ ಸಂಸ್ಥಾನದ ವಾರ್ಮ್ ಸ್ಪ್ರಿಂಗ್ಸ್ ಎಂಬ ಊರಿಗೆ ಹೋದರು. ಅಲ್ಲಿಯ ಬುಗ್ಗೆಯ ನೀರು ತಾನಾಗಿಯೇ ಸುಮಾರು ೩೧ ಡಿಗ್ರಿ ಬೆಚ್ಚಗಿರುವದು. ನೀರಿನಲ್ಲಿ ಅವರ ಕಾಲುಗಳು ಆಡಿದವು, ಧೈರ್ಯವೂ ಬಂತು, ೧೯೨೭ರಲ್ಲಿ ಇತರ ರೋಗಿಗಳಿಗಾಗಿ ಅಲ್ಲಿ ಒಂದು ಸಂಸ್ಥೆಯನ್ನು ನೆಲೆಗೊಳಿಸಿದರು. ಆದರೂ ಅವರು ಸಾಯುವ ತನಕ ಆಧಾರವಿಲ್ಲದೆ ನಡೆಯಲಿಲ್ಲ. ಬೆಂಗಳೂರಿನ ನಿರಂಜನ ಮುಕುಂದನ್ ಎಂಬವರು ಬೆನ್ನುಹುರಿಯ ದೋಷದೊಂದಿಗೆ ಹುಟ್ಟಿದವರು. ಚಿಕ್ಕಂದಿನಲ್ಲಿ ವೈದ್ಯರ ಸಲಹೆಯ ಮೇರೆಗೆ ನೀರಿಗಿಳಿದ ಅವರು, ೨೦೨೧ರಲ್ಲಿ ಟೋಕಿಯೋದಲ್ಲಿ ನಡೆದ ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ ಈಜಿದರು. ಅವರ ದೋಷವೂ ಹೋಗಲಿಲ್ಲ. ಅದರೊಂದಿಗೇ ಅವರು ಈಜಿದರು.

ಇದರಿಂದ ನಾವು ಕಲಿಯುವದೇನಂದರೆ, ಜಲಚಿಕಿತ್ಸೆಯು ಅದ್ಭುತವಲ್ಲ, ಅಭ್ಯಾಸ. ಸತ್ತ ನರವನ್ನು ಅದು ಬದುಕಿಸದು. ಉಳಿದಿರುವ ಬಲವನ್ನು ಕೆಡದಂತೆ ಕಾಪಾಡಿ ಹೆಚ್ಚಿಸುವದು. ಅಭ್ಯಾಸ ಬಿಟ್ಟರೆ ಗಳಿಸಿದ್ದೂ ಕಳೆಯುವದು. ಒಂದು ದಿನ ಹೊಳೆಯಲ್ಲಿ ಮುಳುಗಿಸಿ ತಂದು, ಗುಣವಾಗಲಿಲ್ಲವೆಂದು ಆ ಮಗುವನ್ನು ಪುನಃ ಮೂಲೆಯಲ್ಲಿ ಮಲಗಿಸಿಬಿಡುವದು ದೊಡ್ಡ ಅನ್ಯಾಯ.

೩. ನಮ್ಮ ಮನೆಗಳಲ್ಲಿ ಮಾಡತಕ್ಕದ್ದು

ಮೊದಲು ವೈದ್ಯರಿಗೂ ಅಂಗಸಾಧನೆ ಕಲಿಸುವ ಫಿಸಿಯೋಥೆರಪಿಯವರಿಗೂ ತೋರಿಸಿರಿ. ಎಲ್ಲಿ ವಿಚಾರಿಸಬೇಕೆಂದು ತಿಳಿಯದವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಲಿ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ೨೧ ವಿಧದ ವೈಕಲ್ಯಗಳನ್ನು ಒಪ್ಪಿಕೊಂಡಿದೆ.

ಬಳಿಕ ಬಚ್ಚಲುಮನೆಯಲ್ಲಿಯೇ ಆರಂಭಿಸಬಹುದು. ಪಾರ್ಶ್ವವಾಯುವಿನಿಂದ ಬೆರಳು ಮುಚ್ಚಿಹೋದ ಕೈಯನ್ನು ಬೋಗುಣಿಯ ಬೆಚ್ಚಗಿನ ನೀರಿನಲ್ಲಿಟ್ಟು, ಒಂದೊಂದೇ ಬೆರಳನ್ನು ಮೆಲ್ಲಗೆ ಬಿಡಿಸಿರಿ. ಸೋತ ತೋಳನ್ನು ಹಿಡಿದು ಎಳೆಯಬೇಡಿರಿ. ಬಿಗಿದ ಕೈಕಾಲಿನ ಮಗುವನ್ನು ದೊಡ್ಡ ತೊಟ್ಟಿಯಲ್ಲಿ ತಲೆಗೆ ಆಸರೆಕೊಟ್ಟು ಕಾಲು ಗಳಿಗೆ ಹೊತ್ತು ಆಡಿಸಿರಿ. ಕುಷ್ಠರೋಗ ವಾಸಿಯಾದರೂ ಸ್ಪರ್ಶಜ್ಞಾನ ಹೋದ ಪಾದಗಳುಳ್ಳವರು ದಿನಾಲು ಸುಮಾರು ೨೦ ನಿಮಿಷ ತಣ್ಣೀರಿನಲ್ಲಿ ಪಾದಗಳನ್ನು ನೆನೆಸಿ, ಒದ್ದೆ ಇರುವಾಗಲೇ ಎಣ್ಣೆ ಸವರಲಿ. ಹೀಗೆ ಮಾಡಿದರೆ ಚರ್ಮ ಒಡೆಯದು; ಪಾದಗಳನ್ನು ದಿನಾಲು ನೋಡುವದರಿಂದ ಹೊಸ ಗಾಯವೂ ಬೇಗನೆ ಕಣ್ಣಿಗೆ ಬೀಳುವದು.

ನಿಂತು ನಡೆಯುವ ಅಭ್ಯಾಸಕ್ಕೆ ಸೊಂಟದ ಮಟ್ಟದ ಶುದ್ಧ ನೀರಿನ ತೊಟ್ಟಿ ಬೇಕು. ನಮ್ಮ ಹೊಲಗಳಲ್ಲಿ ಪಂಪಿನ ತೊಟ್ಟಿಗಳಿವೆ. ಅಂಥ ಒಂದಕ್ಕೆ ಇಳಿಜಾರಾದ ದಾರಿಯನ್ನೂ ಹಿಡಿದುಕೊಳ್ಳಲು ಕಬ್ಬಿಣದ ಸರಳನ್ನೂ ಮಾಡಿಸಿ, ವಾರಕ್ಕೆ ಮೂರು ದಿನ ಇಬ್ಬರು ಬಲವಂತರು ಬಂದು ಜೊತೆಯಲ್ಲಿ ನಿಲ್ಲುವದಾದರೆ, ಅದೇ ಸಾಕಾಗುವದು.

೪. ಎಚ್ಚರಿಕೆಗಳು

ಹೊಳೆಗೂ ಕಾಲುವೆಗೂ ಇಂಥವರನ್ನು ಇಳಿಸಲೇಬಾರದು. ಕಾಲುವೆಯ ದಂಡೆ ಕಡಿದು, ಸೆಳವು ಬಲವಾದದ್ದು. ತುಂಗಭದ್ರೆಯಲ್ಲಿ ಮೊಸಳೆಗಳೂ ಇವೆ. ತೆರೆದ ಗಾಯ, ಜ್ವರ, ಹತೋಟಿಗೆ ಬಾರದ ಮೂರ್ಛೆರೋಗ, ಹೃದಯದ ಬಲಹೀನತೆ ಇದ್ದವರು ವೈದ್ಯರ ಅಪ್ಪಣೆಯಿಲ್ಲದೆ ಇಳಿಯಬಾರದು. ಸ್ಪರ್ಶವಿಲ್ಲದ ಅಂಗಕ್ಕೆ ಸುಡುವ ನೀರಿನ ಅರಿವಾಗದು. ಆದಕಾರಣ ಉಪಚರಿಸುವವರು ತಮ್ಮ ಮೊಣಕೈಯನ್ನು ಅದ್ದಿ ನೋಡಲಿ. ನೀರಿನಲ್ಲಿರುವವರನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಬಾರದು.

ಪ್ರಿಯರೇ, ನೀರು ನಮ್ಮ ಬಳಿಯಲ್ಲಿದೆ. ಬೇಕಾದದ್ದು ಇಳಿಸುವ ಕೈ, ಕಾಯುವ ತಾಳ್ಮೆ. ನಮ್ಮ ಊರಿನ ಯಾವನೂ ತನಗೆ ಮನುಷ್ಯನಿಲ್ಲವೆಂದು ಹೇಳದಿರಲಿ.

ಸಭೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ನೆಲದ ಮೇಲೆ ನಿಲ್ಲದ ಕಾಲು ನೀರಿನಲ್ಲಿ ನಿಲ್ಲುವದು ಯಾಕೆ?
೨. ರೂಸ್ವೆಲ್ಟರಿಗೆ ನೀರಿನಿಂದ ದೊರೆತದ್ದೇನು, ದೊರೆಯದಿದ್ದದ್ದೇನು?
೩. ನಮ್ಮ ಊರಿನಲ್ಲಿ ಮನೆಯಿಂದ ಹೊರಗೆ ಬಾರದವರು ಎಷ್ಟು ಮಂದಿ? ಅವರ ಬಳಿಗೆ ಈ ವಾರ ಯಾರು ಹೋಗುವರು?