ಆಗಸ್ಟ್ ತಿಂಗಳ ಖಾಲಿ ಕುರ್ಚಿಗಳು

ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಎಂಬ ಮಾತಿಗೆ ಮನಸೋತು ಕ್ಯಾಲಿಫೋರ್ನಿಯಾದಿಂದಲೋ ನ್ಯೂಜೆರ್ಸಿಯಿಂದಲೋ ಡಲ್ಲಾಸ್ ಕಡೆಗೆ ಬಂದ ಕನ್ನಡದ ಕುಟುಂಬಗಳು ಬೇಕಾದಷ್ಟಿವೆ. ನಮ್ಮದೂ ಅಂಥದ್ದೇ ಒಂದು. ಅಕ್ಟೋಬರ್‌ನಲ್ಲಿ ಮನೆ ತೆರಿಗೆಯ ಬಿಲ್ಲು ಕೈಸೇರಿದಾಗ ಉಳಿದ ಲೆಕ್ಕ ಅರ್ಥವಾಗುತ್ತದೆ. ಕೌಂಟಿ, ನಗರ, ಕಮ್ಯುನಿಟಿ ಕಾಲೇಜು, ಶಾಲಾ ಜಿಲ್ಲೆ ಎಂದು ಒಂದೇ ಹಾಳೆಯಲ್ಲಿ ಬೇರೆ ಬೇರೆ ಸಾಲುಗಳು. ಎಲ್ಲಕ್ಕಿಂತ ದೊಡ್ಡ ಮೊತ್ತ ಶಾಲಾ ಜಿಲ್ಲೆಯದು. ಪ್ರತಿ ಸಾಲಿನ ಹಿಂದೆಯೂ ಜನ ಆರಿಸಿದ ಒಂದು ಮಂಡಳಿ ಇದೆ, ಆ ಮಂಡಳಿಗೊಂದು ಸಭೆ ಇದೆ, ಆ ಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದು. ನಾನು ರಿಪಬ್ಲಿಕನ್ ಪಕ್ಷದ ತಳಮಟ್ಟದ ಕಾರ್ಯಕರ್ತೆಯಾಗಲು ಕಾರಣ ಈ ಹಾಳೆ.

ನನ್ನ ಕನ್ಸರ್ವೇಟಿವ್ ನಂಬಿಕೆಗಳಲ್ಲಿ ಗೋಜಲಿಲ್ಲ. ದುಡಿದ ಹಣ ಮೊದಲು ದುಡಿದವರದು. ಮಕ್ಕಳನ್ನು ಹೇಗೆ ಬೆಳೆಸಬೇಕು ಎಂಬುದು ತಂದೆತಾಯಿಯ ಹೊಣೆ. ಅಧಿಕಾರ ವಾಷಿಂಗ್ಟನ್‌ಗಿಂತ ರಾಜ್ಯದ ರಾಜಧಾನಿ ಆಸ್ಟಿನ್‌ನಲ್ಲಿ, ಆಸ್ಟಿನ್‌ಗಿಂತ ನಮ್ಮ ಬೀದಿಯ ಹತ್ತಿರ ಇದ್ದಷ್ಟೂ ಒಳ್ಳೆಯದು. ಅಧಿಕಾರ ಹತ್ತಿರ ಇರಲಿ ಎಂದು ಬಯಸುವವರೇ ಆ ಹತ್ತಿರದ ಸಭೆಗೆ ಹೋಗದಿದ್ದರೆ ಅದನ್ನು ಬೇರೆ ಯಾರೋ ಚಲಾಯಿಸುತ್ತಾರೆ. ಇಷ್ಟು ವರ್ಷಗಳ ಓಡಾಟದಲ್ಲಿ ನಾನು ಕಲಿತದ್ದೆಲ್ಲ ಈ ಮಾತಿಗೇ ಬಂದು ನಿಲ್ಲುತ್ತದೆ.

ಏಪ್ರಿಲ್, ಮೇ ಹೊತ್ತಿಗೆ ಮನೆಯ ಬೆಲೆ ಇಷ್ಟು ಏರಿದೆ ಎಂದು ಅಪ್ರೈಸಲ್ ಡಿಸ್ಟ್ರಿಕ್ಟ್‌ನಿಂದ ಪತ್ರ ಬರುತ್ತದೆ. ಜನ ಸಿಟ್ಟಿಗೆದ್ದು ಅಲ್ಲಿಗೆ ತಕರಾರು ಸಲ್ಲಿಸುತ್ತಾರೆ. ಸಲ್ಲಿಸಬೇಕಾದ್ದೇ. ಆದರೆ ಆ ಕಚೇರಿ ಹೇಳುವುದು ಬೆಲೆಯನ್ನು ಮಾತ್ರ. ತೆರಿಗೆಯ ದರ ನಿಗದಿಯಾಗುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ, ನಗರಸಭೆ ಮತ್ತು ಶಾಲಾ ಮಂಡಳಿಯ ಸಭಾಂಗಣಗಳಲ್ಲಿ. ಮನೆಗಳ ಬೆಲೆ ಏರಿದ ವರ್ಷ ದರವನ್ನು ಹಾಗೇ ಬಿಟ್ಟರೂ ಖಜಾನೆಗೆ ಹೆಚ್ಚು ಹಣ ಬರುತ್ತದೆ. ಆಗ ವೇದಿಕೆಯ ಮೇಲಿನವರು 'ನಾವು ದರ ಏರಿಸಿಲ್ಲ' ಎನ್ನಬಹುದು, ಅದು ಸುಳ್ಳೂ ಅಲ್ಲ. ಅದಕ್ಕೇ ಕಾನೂನು ಇನ್ನೊಂದು ಅಂಕಿಯನ್ನೂ ಪ್ರಕಟಿಸಲು ಹೇಳುತ್ತದೆ: ಅವೇ ಆಸ್ತಿಗಳಿಂದ ಹೋದ ವರ್ಷದಷ್ಟೇ ಹಣ ಬರಬೇಕಾದರೆ ದರ ಎಷ್ಟಿರಬೇಕು? 'ನೋ ನ್ಯೂ ರೆವೆನ್ಯೂ' ಎಂದು ಕರೆಯುವ ಈ ದರವನ್ನೂ ಪ್ರಸ್ತಾವಿತ ದರವನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಈ ಕೆಲಸದ ಮೊದಲ ಪಾಠ.

ನಾನು ಮೊದಲು ಹೋದ ಬಜೆಟ್ ವಿಚಾರಣೆಯಲ್ಲಿ ಸಾಲುಸಾಲು ಕುರ್ಚಿ ಖಾಲಿ ಇದ್ದವು. ಇದ್ದವರಲ್ಲಿ ಅರ್ಧದಷ್ಟು ನಗರದ ನೌಕರರು. ಮಾತನಾಡುವವರು ಚೀಟಿಯಲ್ಲಿ ಹೆಸರು, ವಿಳಾಸ ಬರೆದುಕೊಡಬೇಕು; ಮೈಕಿನ ಮುಂದೆ ಹಸಿರು, ಹಳದಿ, ಕೆಂಪು ದೀಪ, ಮೂರು ನಿಮಿಷ. ನನ್ನ ಪಕ್ಕದಲ್ಲಿ ನಿವೃತ್ತ ಮಹಿಳೆಯೊಬ್ಬರು ಇಡೀ ಬಜೆಟ್ ಮುದ್ರಿಸಿಕೊಂಡು, ಪುಟಪುಟಕ್ಕೂ ಬಣ್ಣದ ಚೀಟಿ ಅಂಟಿಸಿಕೊಂಡು ಕೂತಿದ್ದರು. ತೆರಿಗೆ ಜಾಸ್ತಿಯಾಯಿತು ಎಂಬ ಭಾಷಣವನ್ನು ಅವರು ಮಾಡಲೇ ಇಲ್ಲ. ಒಂದು ಇಲಾಖೆಯ ಹೆಸರು ಹೇಳಿ, ವರ್ಷದಿಂದ ಭರ್ತಿಯಾಗದ ಹುದ್ದೆಗಳಿಗೂ ಪೂರ್ತಿ ವರ್ಷದ ಸಂಬಳ ಏಕೆ ತೆಗೆದಿಟ್ಟಿದ್ದೀರಿ ಎಂದು ಕೇಳಿ, ಪುಟಸಂಖ್ಯೆ ಹೇಳಿ, ಹಳದಿ ದೀಪ ಹೊತ್ತುವ ಮುಂಚೆ ಕೂತರು. ಹಣಕಾಸು ಅಧಿಕಾರಿ ಕಾಗದ ತಿರುವಿದರು. ಸದಸ್ಯರೊಬ್ಬರು ಪೆನ್ನು ತೆಗೆದರು. ಆ ರಾತ್ರಿ ನಾನು ಅವರ ಶಿಷ್ಯೆಯಾದೆ. ಸಿಟ್ಟಿನ ಮಾತನ್ನು ಮಂಡಳಿಗಳು ಮೂರು ನಿಮಿಷ ಸಹಿಸಿಕೊಂಡು ಮರೆಯುತ್ತವೆ. ಪುಟಸಂಖ್ಯೆ ಸಹಿತ ಬಂದ ಪ್ರಶ್ನೆಗೆ ಉತ್ತರ ಹುಡುಕಲೇಬೇಕಾಗುತ್ತದೆ.

ಇಂಥವರ ಪಟ್ಟು ಆಸ್ಟಿನ್‌ವರೆಗೂ ಮುಟ್ಟಿದೆ. ಹಿಂದೆ ನಗರ, ಕೌಂಟಿಗಳು ವರ್ಷಕ್ಕೆ ಶೇ. 8ರವರೆಗೆ ಹೆಚ್ಚು ವಸೂಲಿ ಮಾಡಬಹುದಾಗಿತ್ತು. ಅದನ್ನೂ ಮೀರಿದರೆ ಜನರೇ ಸಹಿ ಸಂಗ್ರಹಿಸಿ ಮತದಾನ ಕೇಳಬೇಕಿತ್ತು. 2019ರ ಕಾನೂನು ದೊಡ್ಡ ನಗರ, ಕೌಂಟಿಗಳಿಗೆ ಆ ಮಿತಿಯನ್ನು ಶೇ. 3.5ಕ್ಕೆ ಇಳಿಸಿತು, ಮೀರಿದರೆ ಮತದಾನ ಕಡ್ಡಾಯವಾಯಿತು. ವಾಸದ ಮನೆಯ ಬೆಲೆಯಲ್ಲಿ ಶಾಲಾ ತೆರಿಗೆಗೆ ಸಿಗುವ ವಿನಾಯಿತಿ 2015ರಲ್ಲಿ 25,000 ಡಾಲರ್ ಆಯಿತು, 2022ರಲ್ಲಿ 40,000, 2023ರಲ್ಲಿ 1,00,000, 2025ರಲ್ಲಿ 1,40,000. ವಿಶೇಷ ಅಧಿವೇಶನ ಬಿಟ್ಟರೆ ನಮ್ಮ ಶಾಸನಸಭೆ ಬೆಸ ವರ್ಷಗಳಲ್ಲಿ ಹೆಚ್ಚೆಂದರೆ 140 ದಿನ ಸೇರುತ್ತದೆ. ಆ ದಿನಗಳಲ್ಲಿ ಸಾಮಾನ್ಯರೂ ಸಾಕ್ಷ್ಯ ಹೇಳಬಹುದು. ಕ್ಯಾಪಿಟಲ್ ಕಟ್ಟಡದ ನೆಲದಡಿಯ ಮೊಗಸಾಲೆಯಲ್ಲಿ ಹೆಸರು ದಾಖಲಿಸಿ, ಮಸೂದೆಯ ಪರವೋ ವಿರೋಧವೋ ಹೇಳಿ, ಬೆಳಿಗ್ಗೆ ಬಂದವರು ಸರದಿಗಾಗಿ ರಾತ್ರಿಯವರೆಗೂ ಕಾಯುತ್ತಾರೆ. ಎರಡು ನಿಮಿಷದ ಮಾತಿಗೆ ಅಷ್ಟು ದೂರ ಗಾಡಿ ಓಡಿಸಬೇಕೇ ಎಂದು ಮನೆಯಲ್ಲಿ ಕೇಳಿದ್ದಾರೆ. ಸಂಬಳಕ್ಕೆ ದುಡಿಯುವ ಲಾಬಿಯವರು ತಪ್ಪದೆ ಬರುತ್ತಾರೆ, ನಾವೂ ಬರಬೇಕು ಎನ್ನುವುದೇ ನನ್ನ ಉತ್ತರ.

ಪಕ್ಷದೊಳಗಿನ ಕೆಲಸ ಶುರುವಾಗುವುದು ಪ್ರಿಸಿಂಕ್ಟ್‌ನಲ್ಲಿ; ನಮ್ಮ ಊರುಗಳ ಬೂತ್ ಇದ್ದಂತೆ ಅದು. ಅದರ ಚೇರ್ ಸ್ಥಾನಕ್ಕೆ ಸಮ ವರ್ಷಗಳ ಮಾರ್ಚ್‌ನಲ್ಲಿ, ಪಕ್ಷ ತನ್ನ ಅಭ್ಯರ್ಥಿಗಳನ್ನು ಆರಿಸುವ ಪ್ರೈಮರಿಯಲ್ಲೇ ಚುನಾವಣೆ. ಅವಧಿ ಎರಡು ವರ್ಷ, ಸಂಬಳವಿಲ್ಲ. ಕೌಂಟಿಯ ಪಕ್ಷ ಸಮಿತಿಯಲ್ಲಿ ಒಂದು ವೋಟು, ಬೀದಿಬೀದಿಗೆ ಹೋಗಿ ಬಾಗಿಲು ತಟ್ಟುವ ಕೆಲಸ, ಮತಗಟ್ಟೆಯ ಬಾಗಿಲಿನಿಂದ 100 ಅಡಿ ಆಚೆ ನಿಂತು ಕಾರ್ಡ್ ಹಂಚುವ ಕೆಲಸ. ಬಾಗಿಲು ತಟ್ಟಿದಾಗ ಕಂಡ ನೋವಿನ ಸಂಗತಿ ನಮ್ಮವರ ಬಗ್ಗೆಯೇ. ಅಧ್ಯಕ್ಷೀಯ ಚುನಾವಣೆಯ ನವೆಂಬರ್‌ನಲ್ಲಿ ಸಂಭ್ರಮದಿಂದ ವೋಟು ಹಾಕುವ ಭಾರತೀಯರು ಮಾರ್ಚ್‌ನ ಪ್ರೈಮರಿಗೂ ಮೇ ತಿಂಗಳ ಶಾಲಾ ಮಂಡಳಿಯ ಚುನಾವಣೆಗೂ ಬರುವುದಿಲ್ಲ. ಟೆಕ್ಸಾಸ್‌ನ ಬಹಳಷ್ಟು ಕ್ಷೇತ್ರಗಳಲ್ಲಿ ಫಲಿತಾಂಶ ಪ್ರೈಮರಿಯಲ್ಲೇ ತೀರ್ಮಾನವಾಗಿರುತ್ತದೆ. 2024ರ ಮೇ 28ರ ಪ್ರೈಮರಿ ಮರುಸುತ್ತಿನಲ್ಲಿ ರಾಜ್ಯದ ಕೆಳಮನೆಯ ಅಂದಿನ ಸ್ಪೀಕರ್ ಡೇಡ್ ಫೆಲಾನ್ ತಮ್ಮ ಕ್ಷೇತ್ರ ಉಳಿಸಿಕೊಂಡದ್ದು ನಾನೂರಕ್ಕೂ ಕಡಿಮೆ ಮತಗಳಿಂದ. ನಮ್ಮ ಒಂದು ಯುಗಾದಿ ಊಟಕ್ಕೆ ಅದಕ್ಕಿಂತ ಹೆಚ್ಚು ಜನ ಸೇರುತ್ತಾರೆ.

ಆ ಯುಗಾದಿಯಲ್ಲೇ ಮೇಜು ಹಾಕಿ ಮತದಾರರ ನೋಂದಣಿ ಮಾಡಿಸುತ್ತೇನೆ. ಇಲ್ಲಿ ಆನ್‌ಲೈನ್‌ನಲ್ಲಿ ಹೊಸದಾಗಿ ಹೆಸರು ಸೇರಿಸುವ ವ್ಯವಸ್ಥೆ ಸಾಮಾನ್ಯವಾಗಿ ಇಲ್ಲ; ಕೌಂಟಿಯಿಂದ ನೇಮಕಗೊಂಡ ಸ್ವಯಂಸೇವಕರು ಅರ್ಜಿ ಪಡೆದು ಐದು ದಿನದೊಳಗೆ ತಲುಪಿಸಬೇಕು. ಆ ಮೇಜಿನ ಹಿಂದೆ ಕೂತಾಗ ಪಕ್ಷದ ಬ್ಯಾಡ್ಜ್ ತೆಗೆದಿಡುತ್ತೇನೆ, ಯಾವ ಪಕ್ಷ ಎಂದು ಯಾರನ್ನೂ ಕೇಳುವುದಿಲ್ಲ. ಡೆಮಾಕ್ರಾಟ್ ಒಲವಿನ ಎಷ್ಟೋ ಗೆಳತಿಯರ ಅರ್ಜಿಯನ್ನು ನಾನೇ ತಲುಪಿಸಿದ್ದೇನೆ.

ಎದುರಾಳಿ ಪಕ್ಷದ ಜೊತೆಗಿನ ಜಗಳಕ್ಕಿಂತ ಒಳಜಗಳ ಕಷ್ಟ. ಖಾಸಗಿ ಶಾಲೆಯ ಖರ್ಚಿಗೆ ಸರ್ಕಾರದ ಹಣ ಕೊಡುವ ಪ್ರಸ್ತಾಪವನ್ನು 2023ರ ನವೆಂಬರ್‌ನಲ್ಲಿ ಕೆಳಮನೆ 84–63ರಿಂದ ತೆಗೆದುಹಾಕಿದಾಗ 21 ರಿಪಬ್ಲಿಕನ್ನರೂ ತೆಗೆದುಹಾಕುವುದರ ಪರವಾಗಿ ಮತ ಹಾಕಿದ್ದರು. ಹೆಚ್ಚಿನವರು ಹಳ್ಳಿಗಾಡಿನವರು. ಅಲ್ಲಿ ಸರ್ಕಾರಿ ಶಾಲೆಯೇ ಊರಿನ ದೊಡ್ಡ ಉದ್ಯೋಗದಾತ, ಶುಕ್ರವಾರ ರಾತ್ರಿಯ ಫುಟ್‌ಬಾಲ್ ಊರಿನ ಜಾತ್ರೆ, ಹತ್ತಿರದಲ್ಲಿ ಖಾಸಗಿ ಶಾಲೆಯೇ ಇಲ್ಲ. ಮುಂದಿನ ಪ್ರೈಮರಿಯಲ್ಲಿ ಅವರಲ್ಲಿ ಹಲವರು ಸೋತರು. 2025ರ ಮೇನಲ್ಲಿ ನೂರು ಕೋಟಿ ಡಾಲರ್‌ಗಳ ಯೋಜನೆ ಕಾನೂನಾಯಿತು. ನಾನು ಆ ಯೋಜನೆಯ ಪರ. ತನ್ನ ಮಗುವಿಗೆ ಹೊಂದದ ಶಾಲೆಯಿಂದ ಹೊರಬರುವ ದಾರಿ ಬಡ ತಾಯಿಗೂ ಇರಬೇಕು. ಆದರೂ ತಮ್ಮ ಊರಿನ ಶಾಲೆಯನ್ನು ಕಾಯಲು ನಿಂತ ಆ ಶಾಸಕರನ್ನು ದ್ರೋಹಿಗಳು ಎಂದು ಕರೆದವರ ಜೊತೆ ನಾನು ದನಿಗೂಡಿಸಲಿಲ್ಲ. ಇದ್ದುದನ್ನು ಉಳಿಸಿಕೊಳ್ಳುವ ಹಂಬಲವೂ ಕನ್ಸರ್ವೇಟಿವ್ ಹಂಬಲವೇ.

ಕಟ್ಟಡಗಳಿಗೆ ಸಾಲ ಎತ್ತಲು ಜನರ ಮತ ಕೇಳುವ ಶಾಲೆಯ ಬಾಂಡ್‌ಗಳಲ್ಲೂ ಇದೇ ನಿಲುವು ನನ್ನದು. ಎಲ್ಲ ಬಾಂಡ್‌ಗೂ ಬೇಡ ಎನ್ನಿ ಎಂದು ನಮ್ಮ ಕೆಲವರು ಕೈಪಿಡಿ ಹಂಚುತ್ತಾರೆ. ಇದು ಆಸ್ತಿ ತೆರಿಗೆಯ ಏರಿಕೆ ಎಂದು ಮತಪತ್ರದಲ್ಲೇ ಬರೆದಿರಬೇಕು, ದೊಡ್ಡ ಕ್ರೀಡಾಂಗಣ ಮುಂತಾದವನ್ನು ಬೇರೆ ಪ್ರಶ್ನೆಯಾಗಿ ಇಡಬೇಕು ಎಂದು 2019ರಿಂದ ನಿಯಮವಿದೆ. ಹಾಗಾಗಿ ಒಂದೊಂದನ್ನೂ ಬಿಡಿಸಿ ನೋಡಬಹುದು. ಹಳೆಯ ಶಾಲೆಯ ಸೋರುವ ಚಾವಣಿಗೆ ಹೌದು ಎಂದೆ, ಕ್ರೀಡಾಂಗಣಕ್ಕೆ ಬೇಡ ಎಂದೆ, ಎರಡಕ್ಕೂ ಕಾರಣ ಬರೆದು ಬೀದಿಯವರಿಗೆ ಹಂಚಿದೆ. ನಮ್ಮ ಪಕ್ಷಕ್ಕೆ ಎಂದೂ ಮತ ಹಾಕದ ಪಕ್ಕದ ಮನೆಯವರು ಆ ಹಾಳೆಯನ್ನು ಮತಗಟ್ಟೆಗೆ ಕೊಂಡೊಯ್ದರು.

ಹಲವು ಪ್ರಿಸಿಂಕ್ಟ್‌ಗಳಲ್ಲಿ ಚೇರ್ ಸ್ಥಾನಕ್ಕೆ ಯಾರೂ ಇಲ್ಲ. ಅರ್ಜಿಗೆ ಶುಲ್ಕವಿಲ್ಲ, ಗಡುವು ಡಿಸೆಂಬರ್. ಹಾಸನದ ಕಡೆಯ ಎಳೆಯ ತಾಯಿಯೊಬ್ಬರು, ಮಗುವನ್ನು ಎತ್ತಿಕೊಂಡು ಬಜೆಟ್ ಸಭೆಗೆ ಬರಬಹುದೇ ಎಂದು ನನ್ನನ್ನು ಕೇಳಿದ್ದರು. ಬಂದರು, ಕೂತರು, ಆಮೇಲೆ ಒಬ್ಬರೇ ಬರತೊಡಗಿದರು. ಅವರ ಬೀದಿಯ ಪ್ರಿಸಿಂಕ್ಟ್‌ಗೆ ಅವರ ಹೆಸರಿನಲ್ಲೇ ಅರ್ಜಿ ತುಂಬಿಸಲು ಈ ಶನಿವಾರ ಅವರ ಮನೆಗೆ ಹೋಗುತ್ತಿದ್ದೇನೆ.