ಹಿಂದಿನ ಕೋಣೆಗೂ ವೈಫೈ ಬೇಕಂತೆ

ಧಾರವಾಡದ ಬಾಡಿಗೆ ಮನೆಯೊಂದರಲ್ಲಿ ಒಟ್ಟಿಗಿರುವ ವಿದ್ಯಾರ್ಥಿಗಳಾದ ನೀವು ಸಿಗ್ನಲ್ಲೇ ಇಲ್ಲದ ಹಿಂದಿನ ಕೋಣೆಯಲ್ಲಿ ರಿಪೀಟರ್ ಇಟ್ಟಿದ್ದೀರಿ. ಪಾಪ, ಅದಾದರೂ ಎಲ್ಲಿಂದ ತಂದು ಹಂಚೀತು? ಸಿಗ್ನಲ್ ಇನ್ನೂ ಗಟ್ಟಿಯಾಗಿರುವ ನಡುಮನೆಗೆ ಅದನ್ನು ತನ್ನಿ. ಆದರೂ ಒಂದೇ ರೇಡಿಯೊದಲ್ಲಿ ಪಡೆದು ಅದರಲ್ಲೇ ಕಳಿಸುವ ಅಗ್ಗದ ರಿಪೀಟರ್‌ಗಳಲ್ಲಿ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಐದು ಜನ ಒಟ್ಟಿಗೆ ಆನ್‌ಲೈನ್ ಕ್ಲಾಸಿಗೆ ಕೂತರೆ ಸಾಲದು.

ಧಾರವಾಡದ ಹಳೆಯ ಮನೆಗಳ ದಪ್ಪ ಗೋಡೆ ದಾಟಲು 5 ಗಿಗಾಹರ್ಟ್ಸ್ ಹೆಣಗುತ್ತದೆ, 2.4 ಸ್ವಲ್ಪ ವಾಸಿ. ನನ್ನನ್ನು ಕೇಳಿದರೆ ಕೇಬಲ್ಲೇ ಮದ್ದು. ಬಾಗಿಲ ಚೌಕಟ್ಟಿನ ಅಂಚಿನಲ್ಲಿ ಅಂಟಿಸುವ ಕ್ಲಿಪ್ ಹಾಕಿ ಮುಖ್ಯ ರೌಟರ್‌ನಿಂದ ಹಿಂದಿನ ಕೋಣೆಗೆ ಕ್ಯಾಟ್ 6 ಕೇಬಲ್ ಎಳೆಯಿರಿ. ಗೋಡೆ ಕೊರೆಯದಿದ್ದರೆ ಮಾಲೀಕರೂ ತಕರಾರು ತೆಗೆಯಲಿಕ್ಕಿಲ್ಲ. ಅದರ ಆ ತುದಿಗೆ ಸೀನಿಯರ್‌ಗಳು ಬಿಟ್ಟುಹೋದ ಹಳೆಯ ರೌಟರ್ ಸಾಕು. ರೀಸೆಟ್ ಮಾಡಿ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ. ಆ ಆಯ್ಕೆ ಇಲ್ಲವೆಂದರೆ ಅದರ ಐಪಿ ವಿಳಾಸ ಬದಲಿಸಿ, ಡಿಎಚ್‌ಸಿಪಿ ಆಫ್ ಮಾಡಿ, ಕೇಬಲನ್ನು ವ್ಯಾನ್ ಪೋರ್ಟಿಗಲ್ಲ, ಲ್ಯಾನ್ ಪೋರ್ಟಿಗೆ ಚುಚ್ಚಿ. ಎರಡೂ ರೌಟರ್‌ಗಳಿಗೆ ವೈಫೈ ಹೆಸರು, ಪಾಸ್‌ವರ್ಡ್ ಒಂದೇ ಇರಲಿ, 2.4ರಲ್ಲಿ ಚಾನೆಲ್ ಮಾತ್ರ ಒಂದಕ್ಕೆ 1, ಇನ್ನೊಂದಕ್ಕೆ 6 ಅಥವಾ 11.

ಖರ್ಚು ಯಾರದೆಂದು ಕೇಳಿದ್ದೀರಿ. ಎಲ್ಲರದೂ. ಹಿಂದಿನ ಕೋಣೆಯವರು ಸಿಗ್ನಲ್ ಇಲ್ಲದೆಯೂ ಇಷ್ಟು ದಿನ ಬಿಲ್ಲಿಗೆ ಸಮಪಾಲು ಕೊಟ್ಟಿದ್ದಾರಲ್ಲ!